ಮೇಷ್ಟ್ರ ಹಣೆಯ ಗುರುತು

ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಅಂಗೈಯಗಲ ಬಂದಿತ್ತು. ಒಬ್ಬ ಮಿಡ್ಲ್ ಸ್ಕೂಲ್ ಮೇಷ್ಟ್ರ ಸಾವಿಗೆ ಅಂಗೈಯಗಲ ಜಾಗ ಸಿಕ್ಕುವುದೇ ದೊಡ್ಡದು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಒಂದು ಸಾಲಿನ ಬಗ್ಗೆ. ನಲವತ್ತೆರಡರ ಚಳವಳಿಯಲ್ಲಿ ಹಣೆಗೆ ಬಿದ್ದ ಲಾಠಿ ಏಟಿನ ಗುರುತನ್ನು ಕೊನೆಯುಸಿರಿನವರೆಗೂ ತಿಲಕದಂತೆ ಧರಿಸಿದ್ದರು ಎಂದು ಬರೆದಿದ್ದರು. ತಿಲಕವಂತೆ! ಓದಿದವಳೇ ಪತ್ರಿಕೆ ಮಡಿಸಿ ಕೆಳಗಿಟ್ಟೆ. ಕಾಫಿ ಅಲ್ಲೇ ಆರಿಹೋಯಿತು.

ಅದು ಲಾಠಿ ಏಟಲ್ಲ. ಶಂಕರಪುರದ ಒಂದು ಮನೆಯ ಹಿತ್ತಲ ಬಚ್ಚಲುಮನೆಗೆ ನುಗ್ಗುವಾಗ ಬಾಗಿಲ ಮೇಲಿನ ಪಟ್ಟಿ ಹೊಡೆದು ಆದ ಗಾಯ. ಇದನ್ನು ನಾನು ಪತ್ತೆ ಮಾಡಿದ್ದಲ್ಲ. ಮೇಷ್ಟ್ರೇ ಹೇಳಿದ್ದರು. ಸಭೆಯಲ್ಲಿ ಹೇಳಿದ್ದರು, ಸ್ಟಾಫ್ ರೂಮಿನಲ್ಲಿ ಹೇಳಿದ್ದರು, ಕ್ಷೌರ ಮಾಡುವವನಿಗೂ ಹೇಳಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಊರ ಬಾಯಿ ಮುಚ್ಚಿಸುವುದು ಕಷ್ಟ ಅನ್ನುತ್ತಾರೆ. ಊರ ಕಿವಿ ತೆರೆಸುವುದು ಅದಕ್ಕಿಂತ ಕಷ್ಟ. ಒಂದೇ ಒಂದು ಸಲ ನಾವೆಲ್ಲ ಕೇಳಿಸಿಕೊಂಡೆವು. ಅದನ್ನೂ ಎರಡು ಮೂರು ವರ್ಷಕ್ಕೆ ಮರೆತು ಹಳೆಯ ಕಥೆಗೇ ಮರಳಿದ್ದೇವೆ ಎಂದು ಈ ಪತ್ರಿಕೆ ನೋಡಿದ ಮೇಲೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹೆಸರು ಸಿಕ್ಕರೆ ನಮ್ಮ ಜನ ಅದನ್ನು ಯಾವುದಾದರೂ ರಸ್ತೆಗೆ ಇಟ್ಟುಬಿಡುತ್ತಾರೆ, ಆಮೇಲೆ ಅವರ ಜೀವಕ್ಕೆ ಸತ್ತ ಮೇಲೂ ಸಮಾಧಾನವಿಲ್ಲ.

ಸ್ವಾತಂತ್ರ್ಯ ಬಂದು ಸ್ವಲ್ಪ ಕಾಲಕ್ಕೆ ನಾನು ಚಾಮರಾಜಪೇಟೆಯ ಶಾಲೆಯೊಂದಕ್ಕೆ ಕನ್ನಡ ಪಾಠ ಮಾಡಲು ಸೇರಿದೆ. ಚಳವಳಿ ನಡೆದಾಗ ನಾನು ಬಸವನಗುಡಿಯಲ್ಲಿದ್ದ ಕಾಲೇಜು ಹುಡುಗಿ. ಕರಪತ್ರ ಹಂಚಿ ಸಿಕ್ಕಿಬಿದ್ದು ಕೆಲವು ವಾರ ಜೈಲಲ್ಲಿದ್ದವಳು. ಜೈಲಿನ ಹೆಂಗಸರ ಕಡೆಯಲ್ಲೂ ಈ ಮೇಷ್ಟ್ರ ಕಥೆ ನಡೆಯುತ್ತಿತ್ತು. ಶಾಲೆ ಮಕ್ಕಳನ್ನು ಕಟ್ಟಿಕೊಂಡು ಮೆರವಣಿಗೆ ಹೊರಟವರು, ಪೊಲೀಸರೆದುರು ಎದೆಯೊಡ್ಡಿ ನಿಂತವರು, ಅವರ ಮೇಲೆ ಬೀಳುವ ಏಟನ್ನು ಶಿಷ್ಯನೊಬ್ಬ ತಾನು ತಿಂದು ಪ್ರಾಣ ಬಿಟ್ಟ, ಇತ್ಯಾದಿ. ಅಂಥವರು ಇದೇ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಎಂದು ತಿಳಿದಾಗ ನನಗೆ ರೋಮಾಂಚನವಾಗಿತ್ತು. ಆರಡಿ ಎತ್ತರ, ಸಿಂಹದ ಗಂಟಲು ಎಲ್ಲ ಕಲ್ಪಿಸಿಕೊಂಡು ಸ್ಟಾಫ್ ರೂಮಿಗೆ ಹೋದರೆ ಕಿಟಕಿ ಪಕ್ಕದಲ್ಲಿ ಒಬ್ಬ ಕುಳ್ಳ ಮನುಷ್ಯ ಬಾಯಲ್ಲಿ ಲವಂಗ ಇಟ್ಟುಕೊಂಡು ಪೇಪರು ತಿದ್ದುತ್ತಿದ್ದರು. ಕಾಲ ಬುಡದಲ್ಲಿ ಕೊಡೆ, ಹೆಗಲ ಮೇಲೆ ಒಗೆದು ಒಗೆದು ಬಣ್ಣ ಹೋದ ಖಾದಿ ಕೋಟು. ಬಲ ಹುಬ್ಬಿನ ಮೇಲೆ ಅಡ್ಡಕ್ಕೆ ಒಂದು ಗಾಯದ ಗೆರೆ. ಆ ಗೆರೆ ಇಲ್ಲದಿದ್ದರೆ ನಾನು ನಂಬುತ್ತಲೇ ಇರಲಿಲ್ಲ.

ದನಿ ಎಷ್ಟು ಸಣ್ಣದೆಂದರೆ ಅವರ ಪಾಠ ಕೇಳಬೇಕಾದರೆ ಹುಡುಗರು ತಾವೇ ಸುಮ್ಮನಾಗಬೇಕಿತ್ತು. ಸುಮ್ಮನಾಗುತ್ತಿದ್ದರು ಕೂಡ. ಹುಡುಗರಿಗೆ ಅವರು ಹೇಳುತ್ತಿದ್ದ ಮಾತು ಒಂದಿತ್ತು: "ಲೆಕ್ಕ ತಪ್ಪಿದ್ರೆ ಅಳಿಸ್ಬೇಡಿ. ಅಡ್ಡಗೆರೆ ಎಳೆದು ಪಕ್ಕದಲ್ಲಿ ಮಾಡಿ. ತಪ್ಪು ಕಾಣ್ಬೇಕು." ರಬ್ಬರು ತಂದ ಹುಡುಗನ ರಬ್ಬರು ಅವರ ಜೇಬಿಗೆ ಹೋಗುತ್ತಿತ್ತು. ವರ್ಷದ ಕೊನೆಗೆ ಡ್ರಾಯಿಂಗ್ ಮೇಷ್ಟ್ರಿಗೆ ಒಂದು ಡಬ್ಬಿ ರಬ್ಬರು ಅವರಿಂದ ದಾನವಾಗಿ ಸಿಗುತ್ತಿತ್ತು.

ಇನ್ನೊಂದು ವಿಷಯದಲ್ಲಿ ಅವರದು ಕತ್ತೆಯ ಹಟ. ಗಂಟೆ ಹೊಡೆದ ಮೇಲೆ ಬಂದ ಹುಡುಗರನ್ನು ಹೊರಗೇ ನಿಲ್ಲಿಸಬೇಕೆಂದು ಹೆಡ್ ಮಾಸ್ಟರು ಕಾಯಿದೆ ಮಾಡಿದ್ದರು. ಮೇಷ್ಟ್ರು ತಮ್ಮ ತರಗತಿಯ ಬಾಗಿಲು ಹಾಕಲೇ ಇಲ್ಲ. ಮಳೆ ಇರಚಲು ಒಳಗೆ ಬಂದು ಮುಂದಿನ ಬೆಂಚು ನೆನೆದರೂ ಹಾಕಲಿಲ್ಲ. ಹೆಡ್ ಮಾಸ್ಟರು ಕೇಳಿದ್ದಕ್ಕೆ, ಕಾಯಿದೆ ಸರಿ ಸಾರ್, ನನ್ನ ಕೈಲಾಗಲ್ಲ, ಅಂದರಂತೆ. ದೊಡ್ಡ ದೇಶಭಕ್ತರು, ಜಾಸ್ತಿ ಹೇಳುವುದು ಹೇಗೆ ಎಂದು ಹೆಡ್ ಮಾಸ್ಟರೂ ಬಿಟ್ಟುಬಿಟ್ಟರು. ಈ ದೊಡ್ಡಸ್ತಿಕೆಯೇ ಮೇಷ್ಟ್ರಿಗೆ ಬೆನ್ನ ಮೇಲಿನ ಹುಣ್ಣಾಗಿತ್ತು ಎಂಬುದು ನನಗೆ ತಿಳಿದದ್ದು ತಡವಾಗಿ.

ಮನುಷ್ಯನಿಗೆ ದೋಸೆ ಅಂದರೆ ಪ್ರಾಣ. ಆದರೆ ಬಸವನಗುಡಿಯ ಹೋಟೆಲಿನವರು ಅವರಿಂದ ಕಾಸು ಮುಟ್ಟುತ್ತಿರಲಿಲ್ಲ. ದೇಶಕ್ಕೆ ರಕ್ತ ಕೊಟ್ಟವರ ಹತ್ತಿರ ದೋಸೆಗೆ ಕಾಸು ತೆಗೆದುಕೊಂಡರೆ ತನ್ನ ವಂಶ ಉದ್ಧಾರವಾಗುತ್ತದೆಯೇ ಎಂದು ಯಜಮಾನರು ಕೈಮುಗಿದುಬಿಡುತ್ತಿದ್ದರು. ಮೇಷ್ಟ್ರು ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಭಾನುವಾರ ಕೊಡೆ ಹಿಡಿದುಕೊಂಡು ಚಾಮರಾಜಪೇಟೆಯಿಂದ ಮಲ್ಲೇಶ್ವರದವರೆಗೆ ನಡೆದು, ಅಲ್ಲಿ ಗುರುತಿಲ್ಲದ ಹೋಟೆಲಿನಲ್ಲಿ ದೋಸೆ ತಿಂದು, ಕಾಸು ಕೊಟ್ಟು, ಮತ್ತೆ ನಡೆದು ಬರುತ್ತಿದ್ದರು. ಅವರ ಮನೆಯವರು ಗೊಣಗುತ್ತಿದ್ದರು, ಇವರು ತಿಂದ ದೋಸೆ ದಾರಿಯಲ್ಲೇ ಕರಗಿ ಮನೆಗೆ ಬರುವಷ್ಟರಲ್ಲಿ ಮತ್ತೆ ಹಸಿವು ಅಂತಾರೆ ಎಂದು. ಒಂದು ಸೋಮವಾರ ಸಪ್ಪೆ ಮುಖ ಮಾಡಿಕೊಂಡು ಶಾಲೆಗೆ ಬಂದರು. ಏನಾಯಿತು ಎಂದು ಕೇಳಿದೆ. ಆ ಹೋಟೆಲಿನ ಗಲ್ಲಾದಲ್ಲಿ ಹಳೆಯ ಶಿಷ್ಯನೊಬ್ಬ ಬಂದು ಕುಳಿತಿದ್ದಾನಂತೆ, ಕಾಸು ತೆಗೆದುಕೊಳ್ಳದೆ ಎಲ್ಲರೆದುರು ಕಾಲಿಗೆ ಬಿದ್ದನಂತೆ. "ಮಲ್ಲೇಶ್ವರಕ್ಕೂ ಬಂದ್ಬಿಡ್ತು ಕಣಮ್ಮ ನನ್ನ ಹಣೆ," ಅಂದರು. ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಅವರು ನಗಲಿಲ್ಲ ಎಂಬುದನ್ನು ಆಗ ನಾನು ಗಮನಿಸಿದ್ದರೆ ಎಷ್ಟು ಚೆನ್ನಾಗಿತ್ತು.

ನಮ್ಮದೊಂದು ಸಂಘವಿತ್ತು. ಜೈಲಿಗೆ ಹೋಗಿಬಂದ ಈ ಕಡೆಯ ಬಡಾವಣೆಗಳವರೆಲ್ಲ ವರ್ಷಕ್ಕೊಮ್ಮೆ, ಆಗಸ್ಟಿನಲ್ಲಿ, ಚಾಮರಾಜಪೇಟೆಯ ಒಂದು ಛತ್ರದಲ್ಲಿ ಸೇರುತ್ತಿದ್ದೆವು. ಕಾರ್ಯದರ್ಶಿ ರುದ್ರಪ್ಪನವರು. ಪೇಟೆಯಲ್ಲಿ ತಲೆಮಾರಿನಿಂದ ಜವಳಿ ಅಂಗಡಿ ಇಟ್ಟವರು, ವಿಭೂತಿ ಧರಿಸದೆ ಮನೆ ಹೊಸ್ತಿಲು ದಾಟದವರು. ಚಳವಳಿಯಲ್ಲಿ ಅಂಗಡಿಯ ಸೀಮೆ ಬಟ್ಟೆಯನ್ನೆಲ್ಲ ತಾವೇ ಬೀದಿಗೆ ತಂದು ಸುಟ್ಟು ಜೈಲಿಗೆ ಹೋದವರು. ಒಳ್ಳೆಯ ಮನುಷ್ಯ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆ ಯಾರಾದರೂ ಕೆಟ್ಟವರು ಬೇಕೆಂದು ಹುಡುಕಿದರೆ ಸಿಗುವುದಿಲ್ಲ. ನಾವೆಲ್ಲ ಒಳ್ಳೆಯವರೇ. ಅದೇ ನನಗೆ ನಾಚಿಕೆ.

ಆ ಸಭೆಗೊಂದು ರೂಢಿಯಿತ್ತು. ಒಬ್ಬೊಬ್ಬರಾಗಿ ಎದ್ದು ತಮ್ಮ ಅನುಭವ ಹೇಳಬೇಕು. ಹೇಳುವ ಮೊದಲು, ನಾನೇನೂ ಮಾಡಿದವನಲ್ಲ, ಈ ಮಹನೀಯರ ಮುಂದೆ ನಾನು ಅಲ್ಪ, ಎನ್ನಬೇಕು. ನಮ್ಮಲ್ಲಿ ಅದು ಪೀಠಿಕೆ. ಅದಾದ ಮೇಲೆ ತಾನು ಏನೇನು ಮಾಡಿದೆ ಎಂಬುದು ಮುಕ್ಕಾಲು ಗಂಟೆ. ಒಂದು ರಾತ್ರಿ ಲಾಕಪ್ಪಿನಲ್ಲಿದ್ದವರೂ ಏನೂ ಮಾಡಿಲ್ಲ ಎಂದು ಶುರು ಮಾಡಿ, ತಂತಿ ಕಡಿದು, ಅಂಚೆಪೆಟ್ಟಿಗೆ ಕಿತ್ತು, ಮಧ್ಯಾಹ್ನದ ಉಪ್ಪಿಟ್ಟು ಆರುವವರೆಗೂ ಮಾತಾಡುತ್ತಿದ್ದರು. ವರ್ಷದಿಂದ ವರ್ಷಕ್ಕೆ ಕಡಿದ ತಂತಿ ಉದ್ದವಾಗುತ್ತಿತ್ತು. ನಾನೂ ಕಡಿಮೆಯವಳಲ್ಲ. ನಾನು ಹಂಚಿದ ಕರಪತ್ರಗಳೂ ಆ ಛತ್ರದಲ್ಲಿ ಮರಿ ಹಾಕಿವೆ.

ಮೇಷ್ಟ್ರ ಸರದಿ ಬಂದಾಗ ಅವರು ಎದ್ದು, "ನಾನೇನೂ ಮಾಡ್ಲಿಲ್ಲ. ನಾನು ಓಡಿಹೋದೆ. ಒಂದು ಬಚ್ಚಲುಮನೇಲಿ ಅವಿತ್ಕೊಂಡಿದ್ದೆ. ಈ ಗಾಯ ಅದರ ಬಾಗಿಲು ಹೊಡೆದದ್ದು," ಎಂದು ಹೇಳಿ ಕುಳಿತುಬಿಡುತ್ತಿದ್ದರು. ಅಷ್ಟೇ. ಛತ್ರ ಬಿದ್ದುಹೋಗುವಂತೆ ಚಪ್ಪಾಳೆ. ಎಲ್ಲರೂ ಪೀಠಿಕೆಯಾದ ಮೇಲೆ ಕಥೆ ಹೇಳುವವರು, ಇವರು ಪೀಠಿಕೆ ಹೇಳಿ ಕಥೆಯನ್ನೇ ನುಂಗಿಕೊಂಡರು ಎಂದರೆ ಎಂಥ ದೊಡ್ಡ ಮನಸ್ಸು! ರುದ್ರಪ್ಪನವರು ಕಣ್ಣೊರೆಸಿಕೊಂಡು, ಇದಪ್ಪಾ ವಿನಯ, ಇದನ್ನು ನಾವು ಕಲಿಯಬೇಕು, ಎನ್ನುತ್ತಿದ್ದರು. ಬಚ್ಚಲುಮನೆ ಎಂದದ್ದು ತಮಾಷೆಗೆ ಎಂದು ಯುವಕರು ನಗುತ್ತಿದ್ದರು. ಮರುವರ್ಷ ಮೇಷ್ಟ್ರು ಸ್ವಲ್ಪ ವಿವರವಾಗಿ ಹೇಳಿ ನೋಡಿದರು, ಹಂಡೆಯ ಹಿಂದೆ ಕೂತಿದ್ದೆ, ಮೈಯೆಲ್ಲ ಮಸಿಯಾಗಿತ್ತು ಎಂದು. ಇನ್ನೂ ಜೋರು ಚಪ್ಪಾಳೆ. ಒಂದು ವರ್ಷ ಬರುವುದಿಲ್ಲವೆಂದು ಮನೆಯಲ್ಲೇ ಕುಳಿತರು. ಅಧಿಕಾರದಲ್ಲಿರುವವರ ಜೊತೆ ವೇದಿಕೆ ಹಂಚಿಕೊಳ್ಳಲೊಲ್ಲದ ತ್ಯಾಗಿ ಎಂದು ಊರೆಲ್ಲ ಹೊಗಳಿತು, ರುದ್ರಪ್ಪನವರು ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಎಳೆದುತಂದರು. ಬಂದರೂ ಹೊಗಳಿಕೆ, ಬರದಿದ್ದರೂ ಹೊಗಳಿಕೆ. ಆ ಬಡಪಾಯಿ ಎಲ್ಲಿಗೆ ಹೋಗಬೇಕು?

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಸಭೆಯ ಕೊನೆಗೆ ಹಾರ ಹಾಕುವುದೊಂದಿತ್ತು. ಆ ದಿನ ಸತ್ತ ಹುಡುಗನ ಹೆಸರು ಹನುಮಂತು. ಮೇಷ್ಟ್ರ ಆಗಿನ ಶಾಲೆಯ ಮೇಲಿನ ತರಗತಿಯಲ್ಲಿದ್ದವನು. ಅವನ ತಾಯಿ ಲಕ್ಕಮ್ಮ, ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ ಮನೆತನದವರು, ಗಂಡ ಹೋದ ಮೇಲೆ ಮಗನನ್ನು ಓದಿಸಲೆಂದು ಬಂದು ಓಕಳಿಪುರದಲ್ಲಿ ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದರು. ಇದ್ದವನು ಅವನೊಬ್ಬನೇ. ಹುತಾತ್ಮನ ತಾಯಿ ಗುರುವಿಗೆ ಹಾರ ಹಾಕಬೇಕೆಂಬ ಏರ್ಪಾಟು ರುದ್ರಪ್ಪನವರದು. ಪ್ರತಿ ವರ್ಷ ಗಾಡಿ ಕಳಿಸಿ ಲಕ್ಕಮ್ಮನವರನ್ನು ಕರೆಸುತ್ತಿದ್ದರು. ಆಕೆ ಸೆರಗು ಹೊದ್ದು ವೇದಿಕೆ ಹತ್ತಿ, ರುದ್ರಪ್ಪನವರು ಕೈಗಿಟ್ಟ ಹಾರವನ್ನು ಮೇಷ್ಟ್ರ ಕೊರಳಿಗೆ ಹಾಕುತ್ತಿದ್ದರು. ಹನುಮಂತು ಕೊನೆಯುಸಿರಲ್ಲೂ ಜೈಕಾರ ಹಾಕುತ್ತಾ ಪ್ರಾಣ ಬಿಟ್ಟ ಎಂದು ರುದ್ರಪ್ಪನವರು ಗದ್ಗದ ಕಂಠದಲ್ಲಿ ಹೇಳುವಾಗ ನಮ್ಮೆಲ್ಲರ ಕಣ್ಣೂ ಒದ್ದೆ. ಆ ಹೊತ್ತಿನಲ್ಲಿ ಮೇಷ್ಟ್ರ ಮುಖ ನೋಡಬೇಕಿತ್ತು ನೀವು. ಮುಖಕ್ಕೆ ರಕ್ತವೆಲ್ಲ ಏರಿ, ಕತ್ತು ಕೆಳಗೆ ಹಾಕಿ, ಹಾರ ಬಿದ್ದ ಕಡೆ ಮುಟ್ಟಿಕೊಳ್ಳುವುದಕ್ಕೂ ಹೆದರಿದವರಂತೆ ನಿಲ್ಲುತ್ತಿದ್ದರು. ಭಾವಾವೇಶ ಎಂದುಕೊಂಡೆವು.

ಒಂದು ವರ್ಷ ಸಭೆ ಮುಗಿದು ಹೆಂಗಸರ ಸಾಲಿನಲ್ಲಿ ಉಪ್ಪಿಟ್ಟು ತಿನ್ನುವಾಗ ಲಕ್ಕಮ್ಮ ನನ್ನ ಪಕ್ಕ ಕುಳಿತಿದ್ದರು. ಎಲೆಯನ್ನು ಮುಟ್ಟಿರಲಿಲ್ಲ. ಇದ್ದಕ್ಕಿದ್ದಂತೆ, ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ಟೀಚರಮ್ಮ, ಅಷ್ಟು ಏಟು ಬೀಳೋವಾಗ್ಲೂ ಜೈ ಅಂದ್ನಂತಲ್ಲ. ನನ್ನ ನೆಪ್ಪೇ ಬರ್ಲಿಲ್ವಾ ಅವ್ನಿಗೆ?"

ದೇಶವೂ ತಾಯಿಯೇ ಅಲ್ಲವೇ ಎಂದು ಪಾಠದ ಪುಸ್ತಕದಲ್ಲಿರುವಂಥದ್ದೇನೋ ಹೇಳಿದೆ. ಆಕೆ ತಲೆಯಾಡಿಸಿದರು. ಮುಳ್ಳು ಕಾಲಲ್ಲೇ ಉಳಿದವರ ಹಾಗೆ ಎದ್ದು ಹೋದರು.

ಆ ಸಂಜೆ ಮೇಷ್ಟ್ರೂ ನಾನೂ ಜೊತೆಯಲ್ಲೇ ಮನೆಯ ಕಡೆ ಹೊರಟೆವು. ದಾರಿಯಲ್ಲಿ ಮಾತಿಗೆ ಮಾತು ಬಂದು ಲಕ್ಕಮ್ಮ ಕೇಳಿದ್ದನ್ನು ಹೇಳಿದೆ. ಹೆಂಗಸರ ಸಂಕಟ ಹೇಗಿರುತ್ತೆ ನೋಡಿ ಎಂಬಂತೆ ಹೇಳಿದೆ, ಬೇರೇನೂ ನನ್ನ ಮನಸ್ಸಿನಲ್ಲಿರಲಿಲ್ಲ. ಮೇಷ್ಟ್ರು ನಿಂತುಬಿಟ್ಟರು. ಕೊಡೆಯನ್ನು ಎರಡೂ ಕೈಯಲ್ಲಿ ಊರಿಕೊಂಡರು. ಬಾ ಇಲ್ಲಿ, ಎಂದು ಶಂಕರಪುರದ ಒಂದು ಅಡ್ಡರಸ್ತೆಗೆ ತಿರುಗಿದರು. ಅಷ್ಟು ವರ್ಷದಲ್ಲಿ ಅವರು ಆ ರಸ್ತೆಯನ್ನು ಬಳಸಿದ್ದು ನಾನು ನೋಡಿರಲಿಲ್ಲ. ಯಾವಾಗಲೂ ಸುತ್ತುಹಾಕಿಕೊಂಡು ಹೋಗುತ್ತಿದ್ದೆವು. ಸಂಪಿಗೆ ಮರವಿದ್ದ ಒಂದು ಹಳೆಯ ಮನೆ. ಪಕ್ಕದಲ್ಲಿ ಹಿತ್ತಲಿಗೆ ಹೋಗುವ ಓಣಿ, ಓಣಿಯ ಕೊನೆಗೆ ಹೆಂಚಿನ ಬಚ್ಚಲುಮನೆ. ಗೋಡೆಯಾಚೆಯಿಂದ ಅದರ ಗಿಡ್ಡ ಬಾಗಿಲು ಕಾಣುತ್ತಿತ್ತು.

ಅಲ್ಲಿ ನಿಂತು ಹೇಳಿದರು. ತರಗತಿ ತರಗತಿಗೆ ಹೋಗಿ ಹುಡುಗರನ್ನು ಹೊರಡಿಸಿದವರು ಅವರೇ. ಪೊಲೀಸರು ಲಾಠಿ ಎತ್ತಿದ ಕೂಡಲೇ ಮೊದಲು ಓಡಿದವರೂ ಅವರೇ. ಈ ಓಣಿಗೆ ನುಗ್ಗಿದರು, ಬಗ್ಗಲು ಮರೆತು ಹಣೆ ಒಡೆದುಕೊಂಡರು, ಒಳಗಿನಿಂದ ಅಗುಳಿ ಹಾಕಿಕೊಂಡರು. ಹನುಮಂತು ಅವರನ್ನು ನೋಡಿಕೊಂಡೇ ಹಿಂದೆ ಓಡಿ ಬಂದಿದ್ದ. ಬಾಗಿಲು ತಟ್ಟಿದ. ಸಾರ್, ನಾನು ಸಾರ್, ಹನುಮಂತು, ಎಂದ. ತೆಗೆದರೆ ತಾನೂ ಸಿಕ್ಕಿಬೀಳುತ್ತೇನೆ ಎಂದು ಇವರು ಹಂಡೆಯ ಹಿಂದೆ ಸರಿದು ಕುಳಿತರು. ಆಮೇಲೆ ಬೂಟಿನ ಸದ್ದು. ಆಮೇಲೆ ಏಟಿನ ಸದ್ದು. ಆಸ್ಪತ್ರೆ ಸೇರುವಷ್ಟರಲ್ಲಿ ಹುಡುಗನ ಜೀವ ಹೋಗಿತ್ತು. ಮುಚ್ಚಂಜೆಗೆ ಆ ಮನೆಯ ಅಮ್ಮ ಒಲೆ ಹಚ್ಚಲು ಬಂದು ಬಾಗಿಲು ಬಡಿದಾಗಲೇ ಮೇಷ್ಟ್ರು ಹೊರಗೆ ಬಂದದ್ದು. ಮುಖದ ತುಂಬ ರಕ್ತ, ಮಸಿ. ಆ ರೂಪದಲ್ಲಿ ರಸ್ತೆಗಿಳಿದವರನ್ನು ಪೊಲೀಸರು ಹಿಡಿದರು. ಜೈಲಿನವರು ಗಾಯ ನೋಡಿದರು, ಹುಡುಗ ಸತ್ತ ಸುದ್ದಿ ಕೇಳಿದರು, ಎರಡನ್ನೂ ಸೇರಿಸಿ ಕಥೆ ಹೊಲಿದರು.

"ಜೈಲಲ್ಲೇ ಹೇಳ್ಬಹುದಿತ್ತಲ್ಲ ಮೇಷ್ಟ್ರೇ," ಎಂದೆ.

"ಮೊದಮೊದಲು ಹೇಳ್ಲಿಲ್ಲ. ಎಲ್ಲರೂ ಜಾಗ ಬಿಟ್ಕೊಡ್ತಿದ್ರು, ತಮ್ಮ ಪಾಲಿನ ಹಾಲು ಕೊಡ್ತಿದ್ರು. ಹಿತವಾಗಿತ್ತಮ್ಮ," ಎಂದರು. "ಆಮೇಲೆ ಹೇಳಿದಾಗ ಯಾರಿಗೂ ಬೇಕಾಗಿರ್ಲಿಲ್ಲ."

ಅಷ್ಟು ವರ್ಷ ಈ ಮನುಷ್ಯ ಇದನ್ನೇ ಹೇಳುತ್ತಿದ್ದರು, ನಾನು ಅಷ್ಟೂ ವರ್ಷ ಮುಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದೆ. ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೇಷ್ಟ್ರು ಬಾಗಿಲಿನಿಂದ ಕಣ್ಣು ತೆಗೆಯದೆ, "ಅವನು ಜೈ ಅನ್ಲಿಲ್ಲ. ಅವ್ವಾ ಅಂದ. ಅದನ್ನ ಆಕೆಗೆ ಕೊಡ್ಬೇಕು. ಅದು ಅವರದ್ದು. ನೀನು ಜೊತೆಗೆ ಬರ್ತೀಯಾ?" ಎಂದರು.

ಆ ಭಾನುವಾರವೇ ಓಕಳಿಪುರಕ್ಕೆ ಹೋದೆವು. ರೈಲು ಕಂಬಿಯ ಪಕ್ಕದಲ್ಲಿ ತಗ್ಗಿನ ಮನೆ. ಲಕ್ಕಮ್ಮ ಹೊರಗೆ ಹಾಲಿನ ಚೆಂಬುಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ಮೇಷ್ಟ್ರನ್ನು ಕಂಡು ಗಾಬರಿಯಾಗಿ ಎದ್ದು, ಒಳಗೆ ಬನ್ನಿ, ಚಾಪೆ ಹಾಸ್ತೀನಿ, ಎಂದು ಸಡಗರ ಮಾಡಿದರು. ಮೇಷ್ಟ್ರು ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲೇ ನಿಂತು, ಪೀಠಿಕೆ ಗೀಠಿಕೆ ಯಾವುದೂ ಇಲ್ಲದೆ ಹೇಳಿದರು.

"ಲಕ್ಕಮ್ಮನವರೇ, ನಿಮ್ಮ ಮಗ ನನ್ನ ಕಾಪಾಡೋಕೆ ಹೋಗಿ ಸಾಯ್ಲಿಲ್ಲ. ನಾನು ಬಚ್ಚಲುಮನೇಲಿ ಅಗುಳಿ ಹಾಕ್ಕೊಂಡು ಕೂತಿದ್ದೆ. ಅವನು ಬಂದು ಬಾಗಿಲು ತಟ್ಟಿದ. ನಾನು ತೆಗೀಲಿಲ್ಲ."

ಲಕ್ಕಮ್ಮ ನನ್ನ ಮುಖ ನೋಡಿದರು, ಇದೇನು ಹೇಳುತ್ತಿದ್ದಾರೆ ಇವರು ಎಂಬಂತೆ. ನಾನು ಹೌದೆಂದು ತಲೆಯಾಡಿಸಿದೆ. ಕೈಯಲ್ಲಿದ್ದ ಚೆಂಬನ್ನು ನಿಧಾನವಾಗಿ ಕೆಳಗಿಟ್ಟರು.

"ಏನಂತ ತಟ್ಟಿದ?"

"ಮೊದಲು ಸಾರ್ ಅಂದ. ಏಟು ಬೀಳೋಕೆ ಶುರುವಾದ ಮೇಲೆ ಅವ್ವಾ ಅಂದ. ಬೇರೇನೂ ಅನ್ಲಿಲ್ಲ. ಅದೊಂದೇ."

"ಜೈ ಅಂದಿದ್ದು?"

"ಅದು ನಾವು ಕಟ್ಟಿದ್ದು."

ಆಕೆ ಜಗಲಿಯ ಮೇಲೆ ಕುಸಿದು ಕುಳಿತರು. ಬೂದಿ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಕೂಗ್ದ, ನನ್ನೇ ಕೂಗ್ದ, ಎಂದು ತಮಗೆ ತಾವೇ ಹೇಳಿಕೊಂಡರು. ಕಣ್ಣಿಂದ ನೀರು ಧಾರಾಕಾರ. ಅಳುವಿನಲ್ಲಿ ಏನೋ ಸಿಕ್ಕಿದವರ ನೆಮ್ಮದಿಯೂ ಇತ್ತು. ಇನ್ನೇನು, ಈಗ ಕ್ಷಮಿಸಿಬಿಡುತ್ತಾರೆ, ಮೇಷ್ಟ್ರ ಹೊರೆ ಇಳಿಯುತ್ತದೆ ಎಂದುಕೊಂಡೆ. ಕನ್ನಡ ಪಾಠ ಮಾಡುವವಳಲ್ಲವೇ, ಕಥೆಗಳೆಲ್ಲ ಹಾಗೇ ಮುಗಿದು ಅಭ್ಯಾಸ. ಲಕ್ಕಮ್ಮ ಕಣ್ಣೊರೆಸಿಕೊಂಡು ಮೇಷ್ಟ್ರ ಕಡೆ ನೋಡಿದರು.

"ತೆಗೀಬೇಕಾಗಿತ್ತು ಮೇಷ್ಟ್ರೇ."

"ಹೌದು."

"ನಿಮ್ಮನ್ನ ನಂಬಿ ಕಳ್ಸಿದ್ದೆ."

"ಹೌದು."

"ಹೋಗಿ ಇನ್ನ."

ನಾವು ಹೊರಟುಬಂದೆವು. ಮೇಷ್ಟ್ರು ರೈಲು ಸೇತುವೆಯ ಹತ್ತಿರದ ಕಟ್ಟೆಯ ಮೇಲೆ ಕುಳಿತರು. ಮುಖ ಬೂದಿಯಾಗಿತ್ತು. ನೀರು ಬೇಕೇ ಎಂದು ಕೇಳಿದರೆ ಬೇಡವೆಂದರು. ಸಮಾಧಾನದ ಮಾತು ಹುಡುಕಿದೆ, ನಾಲಗೆಗೆ ಬಂದದ್ದೆಲ್ಲ ಸುಳ್ಳು. ಕೊನೆಗೆ ಅವರೇ, ಆಕೆ ಕೇಳಿಸಿಕೊಂಡರು ಕಣಮ್ಮ, ಎಂದರು. ಅಷ್ಟು ವರ್ಷಕ್ಕೆ ಒಬ್ಬರಾದರೂ ಅವರನ್ನು ಸರಿಯಾಗಿ ಬೈದಿದ್ದರು.

ಮಾರನೆಯ ವರ್ಷದ ಸಭೆಗೆ ಲಕ್ಕಮ್ಮ ಬರಲಾರರು ಎಂದುಕೊಂಡಿದ್ದೆ. ಬಂದರು. ಗಾಡಿ ಕಳಿಸುವ ಮೊದಲೇ ನಡೆದುಕೊಂಡು ಬಂದು ಹೆಂಗಸರ ಸಾಲಿನ ತುದಿಯಲ್ಲಿ ಕುಳಿತರು. ನನ್ನ ಕಡೆ ತಿರುಗಲಿಲ್ಲ. ಛತ್ರ ಭರ್ತಿಯಾಗಿತ್ತು. ಯುವಕರಲ್ಲಿ ಬಹಳ ಜನ ಮೇಷ್ಟ್ರ ಕೈಯಲ್ಲಿ ಲೆಕ್ಕ ಕಲಿತವರೇ. ತಂತಿಗಳು ಕಡಿದವು, ಅಂಚೆಪೆಟ್ಟಿಗೆಗಳು ಉರುಳಿದವು. ಕೊನೆಗೆ ರುದ್ರಪ್ಪನವರು ಹನುಮಂತುವಿನ ಜೈಕಾರದ ಮಾತು ಹೇಳಿ, ಹಾರವನ್ನು ಲಕ್ಕಮ್ಮನವರ ಕೈಗಿಟ್ಟರು. ಆ ದಿನ ಸೇವಂತಿಗೆಯ ದೊಡ್ಡ ಹಾರ. ಮೇಷ್ಟ್ರು ಎದ್ದು ನಿಂತು ತಲೆ ತಗ್ಗಿಸಿದರು. ಲಕ್ಕಮ್ಮ ಹಾರ ಹಾಕಲಿಲ್ಲ. ಅದನ್ನು ಮೇಜಿನ ಮೇಲೆ ಇಟ್ಟರು. ಸಭೆಯ ಕಡೆ ತಿರುಗಿ, ಹಾಲು ಹಾಕುವ ಮನೆಯ ಬಾಗಿಲಲ್ಲಿ ನಿಂತು ಮಾತಾಡುವಂತೆ, ಏರಿಳಿತವಿಲ್ಲದೆ ಹೇಳಿದರು.

"ನನ್ನ ಮಗ ಜೈ ಅನ್ಲಿಲ್ಲ. ನನ್ನ ಕೂಗ್ದ."

ರುದ್ರಪ್ಪನವರು, ಆಹಾ, ವೀರಮಾತೆ, ಎಂದು ಕೈ ತಟ್ಟಿದರು. ಅಷ್ಟೇ ಸಾಕಾಯಿತು. ಮುಂದಿನ ಸಾಲು ತಟ್ಟಿತು, ಹಿಂದಿನ ಸಾಲು ತಟ್ಟಿತು, ಯಾರೋ ಜೈಕಾರ ಹಾಕಿದರು, ಛತ್ರವೆಲ್ಲ ಜೈ ಎಂದಿತು. ಲಕ್ಕಮ್ಮ ಇನ್ನೇನೋ ಹೇಳುತ್ತಿದ್ದರು, ತುಟಿ ಅಲುಗುವುದಷ್ಟೇ ಕಂಡಿತು. ಎಲ್ಲ ಗೊತ್ತಿದ್ದ ನಾನು, ಆ ಅಂಗಳದಲ್ಲಿ ನಿಂತು ಬಂದ ನಾನು, ಕೆಳಗೆ ನೋಡಿದರೆ ನನ್ನ ಎರಡು ಕೈಗಳೂ ತಟ್ಟುತ್ತಿದ್ದವು. ಥೂ ನಿನ್ನ ಜನ್ಮಕ್ಕೆ, ಎಂದು ನನಗೆ ನಾನೇ ಅಂದುಕೊಂಡೆ.

ಆಗ ಮೇಷ್ಟ್ರು ತಲೆಯೆತ್ತಿದರು. ಅವರೊಳಗೆ ಅಂಥ ದನಿಯೊಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಕೈ ಕಟ್ಟಿ!"

ಛತ್ರ ನಡುಗಿತು. ಅವರ ಹಳೆಯ ಹುಡುಗರು, ಈಗ ಮೀಸೆ ಹೊತ್ತ ಗುಮಾಸ್ತರು, ವಕೀಲರು, ಅಂಗಡಿ ಯಜಮಾನರು, ತರಗತಿಯಲ್ಲಿ ಕುಳಿತವರಂತೆ ಎದೆಯ ಮೇಲೆ ಕೈ ಕಟ್ಟಿದರು. ಅವರನ್ನು ನೋಡಿ ಮಿಕ್ಕವರೂ ಕಟ್ಟಿದರು. ಹಿರಿಯರೂ ಕಟ್ಟಿದರು. ರುದ್ರಪ್ಪನವರು ಸುತ್ತ ನೋಡಿ, ತಬ್ಬಿಬ್ಬಾಗಿ, ತಾವೂ ಕಟ್ಟಿದರು. ನಾನೂ ಕಟ್ಟಿದೆ. ಮೇಷ್ಟ್ರು ತಮ್ಮ ಎಂದಿನ ಸಣ್ಣ ದನಿಯಲ್ಲಿ, "ಈಗ ಹೇಳಿ ಲಕ್ಕಮ್ಮನವರೇ, ಕೇಳ್ತಾರೆ," ಎಂದರು.

ಲಕ್ಕಮ್ಮ ಹೇಳಿದರು.

"ನನ್ನ ಮಗ ಏಟು ತಿನ್ನೋವಾಗ ಅವ್ವಾ ಅಂತ ಕೂಗ್ತಿದ್ದ. ಈ ಮೇಷ್ಟ್ರು ಬಾಗಿಲ ಹಿಂದೆ ಇದ್ರು. ತೆಗೀಲಿಲ್ಲ."

"ಹೌದು," ಎಂದರು ಮೇಷ್ಟ್ರು. "ತೆಗೀಲಿಲ್ಲ."

ಲಕ್ಕಮ್ಮ ಸೆರಗು ಹೊದ್ದುಕೊಂಡು ವೇದಿಕೆಯ ಮೆಟ್ಟಿಲು ಇಳಿದರು. ನಮ್ಮೆಲ್ಲರ ನಡುವೆ ಹಾದು, ಯಾರನ್ನೂ ನೋಡದೆ, ಛತ್ರದ ಬಾಗಿಲು ದಾಟಿ ಹೋದರು. ಆಕೆ ಹೋದ ಮೇಲೂ ಬಹಳ ಹೊತ್ತು ಒಬ್ಬರೂ ಕಟ್ಟಿದ ಕೈ ಬಿಚ್ಚಲಿಲ್ಲ, ತಲೆ ಎತ್ತಲೂ ಇಲ್ಲ.